ಆರು ಕಾರ್ಡಿನ ಮೈನಿಂಗ್ ರಿಗ್: ಎಸ್‌ಎಂಪಿಎಸ್‌ನಿಂದ ಓಎಸ್‌ವರೆಗೆ ಆಯ್ಕೆಗಳ ಹೋಲಿಕೆ

ಹಲವು ಗ್ರಾಫಿಕ್ಸ್ ಕಾರ್ಡುಗಳನ್ನು ಒಂದೇ ಮದರ್‌ಬೋರ್ಡಿಗೆ ಜೋಡಿಸಿ ಮೈನಿಂಗ್‌ಗಾಗಿ, ಅಂದರೆ ಕ್ರಿಪ್ಟೊ ನಾಣ್ಯದ ಜಾಲಕ್ಕೆ ಬೇಕಾದ ಲೆಕ್ಕ ಮಾಡಿಕೊಟ್ಟು ಪ್ರತಿಫಲವಾಗಿ ನಾಣ್ಯ ಗಳಿಸುವುದಕ್ಕಾಗಿ, ಹಗಲಿರುಳು ಓಡಿಸುವ ಯಂತ್ರವನ್ನು (ರಿಗ್) ಕಟ್ಟಲು ಹೊರಟವರು ಮೊದಲು ಕೇಳುವುದು ಯಾವ ಕಾರ್ಡು ಹೆಚ್ಚು ಹ್ಯಾಶ್‌ರೇಟ್ (ಸೆಕೆಂಡಿಗೆ ಮಾಡುವ ಲೆಕ್ಕಗಳ ಸಂಖ್ಯೆ) ಕೊಡುತ್ತದೆ ಎಂಬುದನ್ನು. ನನ್ನ ಅನುಭವದಲ್ಲಿ ಆ ಪ್ರಶ್ನೆಯ ಸರದಿ ಬಹಳ ತಡವಾಗಿ ಬರಬೇಕು. ದಿನಕ್ಕೆ ಒಂದು ಗಂಟೆ ಸುಮ್ಮನೆ ನಿಂತುಹೋಗುವ ರಿಗ್ ತನ್ನ ದುಡಿಮೆಯಲ್ಲಿ ಶೇ. 4ಕ್ಕಿಂತ ಹೆಚ್ಚನ್ನು ಕಳೆದುಕೊಳ್ಳುತ್ತದೆ. ಮೆಮೊರಿ ವೇಗವನ್ನು ಕೊನೆಯ ಅಂಚಿಗೆ ಒತ್ತಿ ನಾನು ಗಳಿಸಿದ ಹೆಚ್ಚಳ ಶೇ. 2ನ್ನು ದಾಟಿದ್ದು ಅಪರೂಪ. ಆದ್ದರಿಂದ ಈ ಬರಹದಲ್ಲಿ ಪ್ರತಿಯೊಂದು ಆಯ್ಕೆಯನ್ನೂ ನಾನು ಒಂದೇ ತಕ್ಕಡಿಯಲ್ಲಿ ತೂಗಿದ್ದೇನೆ: ಯಾರೂ ಮುಟ್ಟದೆ, ಯಾರೂ ನೋಡದೆ, ಇದು ಒಂದು ತಿಂಗಳು ಓಡೀತೇ? ಓಡುವಾಗ ಮನೆಗೆ ಅಪಾಯ ತಾರದೇ?

ಉದಾಹರಣೆಗೆ ಇಟ್ಟುಕೊಂಡಿರುವುದು ಮನೆಯ ಕೋಣೆಯೊಂದರಲ್ಲಿ ಕಟ್ಟಬಹುದಾದ ಆರು ಕಾರ್ಡಿನ ರಿಗ್. ಹನ್ನೆರಡು ಕಾರ್ಡಿನದಕ್ಕೂ ತತ್ತ್ವ ಅದೇ. ತೊಂದರೆಗಳು ಮಾತ್ರ ಎರಡರಷ್ಟಲ್ಲ, ನಾಲ್ಕರಷ್ಟು.

ಮೊದಲು ಲೆಕ್ಕ

2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಜಾಲವು ಮೈನಿಂಗನ್ನು ಪೂರ್ತಿಯಾಗಿ ಕೈಬಿಟ್ಟು ಠೇವಣಿಯಿಟ್ಟ ನಾಣ್ಯಗಳ ಆಧಾರದ ಮೇಲೆ ನಡೆಯುವ ಪ್ರೂಫ್ ಆಫ್ ಸ್ಟೇಕ್ ವ್ಯವಸ್ಥೆಗೆ ಹೊರಳಿತು. ಅಲ್ಲಿಯವರೆಗೆ ಗ್ರಾಫಿಕ್ಸ್ ಕಾರ್ಡಿನಲ್ಲಿ ಮೈನಿಂಗ್ ಮಾಡುವುದೆಂದರೆ ಬಹುಮಟ್ಟಿಗೆ ಇಥೀರಿಯಂ ಮೈನಿಂಗ್ ಎಂದೇ ಅರ್ಥವಿತ್ತು. ಆ ದಿನದಿಂದಾಚೆಗೆ ಕಾರ್ಡುಗಳೆಲ್ಲ ಇಥೀರಿಯಂ ಕ್ಲಾಸಿಕ್, ರೇವನ್‌ಕಾಯಿನ್, ಅರ್ಗೋ, ಫ್ಲಕ್ಸ್ ಮುಂತಾದ ಸಣ್ಣ ನಾಣ್ಯಗಳ ಕಡೆಗೆ ನುಗ್ಗಿದವು. ಹಂಚಿಕೊಳ್ಳಬೇಕಾದ ರೊಟ್ಟಿ ಚಿಕ್ಕದಾಗಿ, ಉಣ್ಣುವವರ ಸಂಖ್ಯೆ ಮಾತ್ರ ಹಾಗೆಯೇ ಉಳಿಯಿತು. ಕಾಸ್ಪಾ ಕೆಲಕಾಲ ಆಸರೆಯಾಗಿತ್ತಾದರೂ 2023ರಲ್ಲಿ ಅದಕ್ಕೂ ಆ ಲೆಕ್ಕಕ್ಕೆಂದೇ ಮಾಡಿದ ಏಸಿಕ್ ಯಂತ್ರಗಳು ಬಂದ ಮೇಲೆ ಗ್ರಾಫಿಕ್ಸ್ ಕಾರ್ಡುಗಳಿಗೆ ಅಲ್ಲಿ ಜಾಗವಿಲ್ಲವಾಯಿತು.

ಈಗ ವಿದ್ಯುತ್ತಿನ ಲೆಕ್ಕ ಹಾಕೋಣ. ಆರ್‌ಟಿಎಕ್ಸ್ 3060 ಟಿಐ ಕಾರ್ಡು ಕಂಪನಿಯಿಂದ ಬಂದ ಸ್ಥಿತಿಯಲ್ಲಿ 200 ವ್ಯಾಟ್ ಬಳಸುತ್ತದೆ. ಮೆಮೊರಿಯನ್ನೇ ಮುಖ್ಯವಾಗಿ ದುಡಿಸುವ ಅಲ್ಗಾರಿದಮ್‌ಗಳಲ್ಲಿ ಅದನ್ನು ಸುಮಾರು 125 ವ್ಯಾಟಿಗೆ ಇಳಿಸಬಹುದು. ಆರು ಕಾರ್ಡಿಗೆ 750 ವ್ಯಾಟ್, ಮದರ್‌ಬೋರ್ಡು, ಪ್ರೊಸೆಸರ್, ಫ್ಯಾನುಗಳಿಗೆ 60 ವ್ಯಾಟ್, ಒಟ್ಟು 810. ಗೋಡೆಯ ವಿದ್ಯುತ್ತನ್ನು ಯಂತ್ರಕ್ಕೆ ಬೇಕಾದ ರೂಪಕ್ಕೆ ಬದಲಿಸಿಕೊಡುವ ಎಸ್‌ಎಂಪಿಎಸ್‌ನ ದಕ್ಷತೆ ಶೇ. 92 ಎಂದಾದರೆ ಗೋಡೆಯ ಸಾಕೆಟ್ಟಿನಿಂದ ಎಳೆಯುವುದು 880 ವ್ಯಾಟ್. ಅಂದರೆ ದಿನಕ್ಕೆ 21 ಯೂನಿಟ್, ತಿಂಗಳಿಗೆ 630ಕ್ಕೂ ಹೆಚ್ಚು. ಯೂನಿಟ್ಟಿಗೆ 7 ರೂಪಾಯಿಯೆಂದು ಹಿಡಿದರೆ ತಿಂಗಳಿಗೆ ಸುಮಾರು 4,400 ರೂಪಾಯಿ. ಕರ್ನಾಟಕದಲ್ಲಿ ಗೃಹಜ್ಯೋತಿಯ ಸೌಲಭ್ಯ ಪಡೆಯುತ್ತಿರುವ ಮನೆಗಳು ಇದನ್ನು ವಿಶೇಷವಾಗಿ ಗಮನಿಸಬೇಕು: ಆ ಯೋಜನೆಯ ಮಿತಿ ತಿಂಗಳಿಗೆ 200 ಯೂನಿಟ್, ಅದನ್ನು ದಾಟಿದ ತಿಂಗಳು ಪೂರ್ತಿ ಬಿಲ್ಲನ್ನು ಕಟ್ಟಬೇಕು. ಈ ರಿಗ್ ಆ ಮಿತಿಯನ್ನು ಹತ್ತೇ ದಿನದಲ್ಲಿ ದಾಟಿಸುತ್ತದೆ.

ತೆರಿಗೆಯದು ಇನ್ನೂ ಗಟ್ಟಿಯಾದ ಗೋಡೆ. ಕ್ರಿಪ್ಟೊ ನಾಣ್ಯದಂತಹ ವರ್ಚುವಲ್ ಡಿಜಿಟಲ್ ಆಸ್ತಿಯ ವರ್ಗಾವಣೆಯಿಂದ ಬಂದ ಆದಾಯಕ್ಕೆ 2022ರ ಏಪ್ರಿಲ್ 1ರಿಂದ ಶೇ. 30 ತೆರಿಗೆ, ಅದೇ ವರ್ಷದ ಜುಲೈ 1ರಿಂದ ವರ್ಗಾವಣೆಯ ಮೇಲೆ ಶೇ. 1 ಟಿಡಿಎಸ್ ಜಾರಿಗೆ ಬಂದವು. ಮೈನಿಂಗ್‌ಗೆ ಹಾಕಿದ ಮೂಲಸೌಕರ್ಯದ ವೆಚ್ಚವನ್ನು ಖರೀದಿ ವೆಚ್ಚವೆಂದು ಕಳೆಯಲು ಬರುವುದಿಲ್ಲವೆಂದು ಕೇಂದ್ರ ಸರ್ಕಾರ 2022ರ ಮಾರ್ಚ್‌ನಲ್ಲಿ ಸಂಸತ್ತಿನಲ್ಲಿಯೇ ಹೇಳಿದೆ. ಹಾಗಾಗಿ, ಹೊಸ ಕಾರ್ಡುಗಳನ್ನು ಮೈನಿಂಗ್‌ಗೆಂದೇ ಕೊಳ್ಳಬೇಡಿ ಎಂಬುದು ನನ್ನ ಖಚಿತ ಸಲಹೆ. ಈಗಾಗಲೇ ಕಾರ್ಡುಗಳಿರುವವರು, ಬೆಂಗಳೂರಿನ ಎಸ್‌.ಪಿ. ರಸ್ತೆಯಂತಹ ಕಡೆ ಅಗ್ಗದ ಸೆಕೆಂಡ್ ಹ್ಯಾಂಡ್ ಕಾರ್ಡು ಹುಡುಕುವವರು, ಅದೇ ಯಂತ್ರವನ್ನು ಬ್ಲೆಂಡರ್ ರೆಂಡರಿಂಗ್‌ಗೋ ಮನೆಯಲ್ಲೇ ಭಾಷಾ ಮಾದರಿಗಳನ್ನು ಓಡಿಸುವುದಕ್ಕೋ ಬಳಸಿ, ಬಿಡುವಿನಲ್ಲಿ ಮೈನಿಂಗ್ ಮಾಡಬಯಸುವವರು ಮುಂದೆ ಓದಬಹುದು.

ಎಸ್‌ಎಂಪಿಎಸ್: ಒಂದು ದೊಡ್ಡದು, ಎರಡು ಮಧ್ಯಮ, ಅಥವಾ ಸರ್ವರ್‌ನದು

ಇಡೀ ರಿಗ್‌ನಲ್ಲಿ ಹಣ ಉಳಿಸಲು ಹೋಗಬಾರದ ಜಾಗವೊಂದಿದ್ದರೆ ಅದು ಇದು. ಮೂರು ದಾರಿಗಳಿವೆ.

ಮೊದಲನೆಯದು, 1,200ರಿಂದ 1,600 ವ್ಯಾಟಿನ ಒಂದೇ ದೊಡ್ಡ ಎಸ್‌ಎಂಪಿಎಸ್. ಎಲ್ಲ ಕಾರ್ಡಿಗೂ ಒಂದೇ ಮೂಲದಿಂದ 12 ವೋಲ್ಟ್ ಬರುವುದರಿಂದ ಆನ್, ಆಫ್‌ಗಳ ಹೊಂದಾಣಿಕೆಯ ಪ್ರಶ್ನೆಯೇ ಏಳುವುದಿಲ್ಲ. ದೋಷ ಹುಡುಕುವಾಗಲೂ ಅನುಮಾನಿಸಬೇಕಾದ ವಸ್ತು ಒಂದು ಕಡಿಮೆ. ನಮ್ಮ ಉದಾಹರಣೆಯ 810 ವ್ಯಾಟಿಗೆ 1,000 ವ್ಯಾಟಿನದು ಸಾಕೆಂದು ಕಾಗದ ಹೇಳುತ್ತದೆ. ಆದರೆ ಯಂತ್ರ ಬೂಟ್ ಆಗಿ, ನಾವು ವಿಧಿಸಿದ ವಿದ್ಯುತ್ ಮಿತಿ ಜಾರಿಗೆ ಬರುವ ಮುನ್ನವೇ ಮೈನರ್ (ಮೈನಿಂಗ್ ತಂತ್ರಾಂಶ) ಶುರುವಾದರೆ ಆರು ಕಾರ್ಡುಗಳೂ ತಮ್ಮ ಮೂಲ 200 ವ್ಯಾಟನ್ನು ಒಟ್ಟಿಗೆ ಕೇಳಬಹುದು. ಆಗ ಚಿಕ್ಕ ಎಸ್‌ಎಂಪಿಎಸ್ ತನ್ನ ರಕ್ಷಣೆಗಾಗಿ ಆಫ್ ಆಗುತ್ತದೆ. ಅದಕ್ಕಾಗಿಯೇ ಈ ರಿಗ್‌ಗೆ ನಾನು 1,200ಕ್ಕಿಂತ ಕಡಿಮೆಯದನ್ನು ಸೂಚಿಸುವುದಿಲ್ಲ.

ಎರಡನೆಯದು, 650 ಅಥವಾ 750 ವ್ಯಾಟಿನ ಎರಡು ಎಸ್‌ಎಂಪಿಎಸ್‌ಗಳು. ಇವು ಸುಲಭವಾಗಿ ಸಿಗುತ್ತವೆ, ಒಂದು ಕೆಟ್ಟರೆ ಬದಲಿಸುವುದೂ ಅಗ್ಗ, ರಿಗ್ ಬಿಚ್ಚಿದ ಮೇಲೆ ಮಾಮೂಲಿ ಕಂಪ್ಯೂಟರಿಗೂ ಬರುತ್ತವೆ. ಆದರೆ ಶಿಸ್ತು ಬೇಕು. ಎರಡೂ ಒಟ್ಟಿಗೆ ಏಳುವಂತೆ ಸಿಂಕ್ ಬೋರ್ಡು ಹಾಕಬೇಕು, ಎರಡಕ್ಕೂ ಒಂದೇ ಅರ್ಥಿಂಗ್ ಇರಬೇಕು. ಒಂದು ಕಾರ್ಡಿನ ರೈಸರ್‌ಗೂ (ಕಾರ್ಡನ್ನು ಮದರ್‌ಬೋರ್ಡಿಗೆ ಜೋಡಿಸುವ ಪುಟ್ಟ ಹಲಗೆ) ಅದೇ ಕಾರ್ಡಿನ 8 ಪಿನ್ ಕನೆಕ್ಟರಿಗೂ ಒಂದೇ ಎಸ್‌ಎಂಪಿಎಸ್‌ನಿಂದ ವಿದ್ಯುತ್ ಬರಬೇಕು. ರೈಸರ್ ಒಂದರಿಂದ, ಕಾರ್ಡು ಇನ್ನೊಂದರಿಂದ ಎಂದಾದರೆ, ಎರಡರಲ್ಲಿ ಒಂದು ಆಫ್ ಆದ ಕ್ಷಣದಲ್ಲಿ ಪೂರ್ತಿ ಹೊರೆ ಉಳಿದ ದಾರಿಯ ಮೇಲೆ ಬೀಳುವ ಅಪಾಯವಿದೆ. ಈ ನಿಯಮವನ್ನು ಮರೆತವರ ರಿಗ್‌ಗಳಲ್ಲಿ ಕಾರಣ ತಿಳಿಯದ ಹ್ಯಾಂಗ್‌ಗಳು ಕಾಣಿಸುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಮೂರನೆಯದು, ಹಳೆಯ ಸರ್ವರ್‌ಗಳಿಂದ ಬಿಚ್ಚಿದ ಎಸ್‌ಎಂಪಿಎಸ್‌ಗೆ ಬ್ರೇಕ್‌ಔಟ್ ಬೋರ್ಡು (ಕಾರ್ಡಿನ ಕೇಬಲ್ಲುಗಳಿಗೆ ಕನೆಕ್ಟರ್ ಒದಗಿಸುವ ಹಲಗೆ) ಸಿಕ್ಕಿಸಿ ಬಳಸುವುದು. ಎಚ್‌ಪಿ ಸರ್ವರ್‌ಗಳ 1,200 ವ್ಯಾಟಿನ ಘಟಕ ಮೈನಿಂಗ್ ಮಾಡುವವರಲ್ಲಿ ಹೆಸರುವಾಸಿ. ಅಮೆರಿಕದ 110 ವೋಲ್ಟಿನಲ್ಲಿ ಅದು 900 ವ್ಯಾಟನ್ನಷ್ಟೇ ಕೊಡುತ್ತದೆ, ನಮ್ಮ 230 ವೋಲ್ಟಿನಲ್ಲಿ ಪೂರ್ತಿ 1,200 ಸಿಗುತ್ತದೆ. ಈ ಒಂದು ವಿಷಯದಲ್ಲಿ ನಮಗೆ ಅನುಕೂಲವೇ. ದಕ್ಷತೆ ಉತ್ತಮ, ಬೆಲೆ ಕಡಿಮೆ. ಆದರೆ ಇದು ಕೊಡುವುದು 12 ವೋಲ್ಟ್ ಮಾತ್ರ, ಮದರ್‌ಬೋರ್ಡಿಗೆ ಬೇರೆಯೇ ವ್ಯವಸ್ಥೆ ಬೇಕು. ಇನ್ನು ಅದರ 40 ಮಿಲಿಮೀಟರ್ ಫ್ಯಾನಿನ ಕಿರುಚಾಟವನ್ನು ಸಹಿಸಿಕೊಂಡು ಅದೇ ಮನೆಯಲ್ಲಿ ಮಲಗುವುದು ಕಷ್ಟ. ಮನೆಯಿಂದ ದೂರದ ಶೆಡ್ಡಿಗೆ ಸರಿ, ಪಕ್ಕದ ಕೋಣೆಗೆ ಅಲ್ಲ.

ನನ್ನ ಆಯ್ಕೆ ಒಂದು ದೊಡ್ಡದು. ದಕ್ಷತೆಗೆ ತಕ್ಕಂತೆ ಕೊಡುವ ಗೋಲ್ಡ್, ಪ್ಲಾಟಿನಮ್ ಮುಂತಾದ ಪದಕಗಳಲ್ಲಿ ಯಾವುದು ಎಂಬ ಪ್ರಶ್ನೆಗೆ ಲೆಕ್ಕದಿಂದಲೇ ಉತ್ತರ ಸಿಗುತ್ತದೆ: 810 ವ್ಯಾಟಿನ ಹೊರೆಗೆ ಶೇ. 90 ದಕ್ಷತೆಯದು 900 ವ್ಯಾಟ್ ಎಳೆದರೆ, ಶೇ. 94ರದು 862 ಎಳೆಯುತ್ತದೆ. ವರ್ಷವಿಡೀ ಓಡಿದರೆ ವ್ಯತ್ಯಾಸ ಸುಮಾರು 335 ಯೂನಿಟ್, ಅಂದರೆ 2,300 ರೂಪಾಯಿಯ ಆಸುಪಾಸು. ಗೋಲ್ಡ್ ಮತ್ತು ಪ್ಲಾಟಿನಮ್ ನಡುವಿನ ಬೆಲೆಯ ಅಂತರ ಇದರ ಎರಡರಷ್ಟಕ್ಕಿಂತ ಹೆಚ್ಚಿದ್ದರೆ ಗೋಲ್ಡ್‌ನಲ್ಲೇ ನಿಲ್ಲುವುದು ಲೇಸು.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡಬೇಕು. ಮಾಡ್ಯುಲರ್ ಎಸ್‌ಎಂಪಿಎಸ್‌ಗಳ (ಕೇಬಲ್ಲನ್ನು ಎರಡೂ ತುದಿಯಲ್ಲಿ ಬಿಚ್ಚಬಹುದಾದವು) ಕೇಬಲ್ಲುಗಳು ಕಾರ್ಡಿನ ಕಡೆಗೆ ಒಂದೇ ಬಗೆಯಾಗಿದ್ದರೂ ಎಸ್‌ಎಂಪಿಎಸ್‌ನ ಕಡೆಯ ಪಿನ್‌ಗಳ ಜೋಡಣೆಗೆ ಯಾವ ಸಮಾನ ನಿಯಮವೂ ಇಲ್ಲ. ಒಂದರ ಕೇಬಲ್ಲನ್ನು ಇನ್ನೊಂದು ಕಂಪನಿಯದಕ್ಕೆ, ಕೆಲವೊಮ್ಮೆ ಅದೇ ಕಂಪನಿಯ ಇನ್ನೊಂದು ಮಾದರಿಗೆ ಸಿಕ್ಕಿಸಿದರೂ, 12 ವೋಲ್ಟ್ ಇರಬಾರದ ಕಡೆ ಹರಿದು ಸಾವಿರಾರು ರೂಪಾಯಿಯ ಕಾರ್ಡು ಕ್ಷಣದಲ್ಲಿ ಸುಟ್ಟುಹೋಗಬಹುದು. ಸೆಕೆಂಡ್ ಹ್ಯಾಂಡ್ ಎಸ್‌ಎಂಪಿಎಸ್ ಕೊಳ್ಳುವಾಗ ಅದರದೇ ಕೇಬಲ್ಲುಗಳಿಲ್ಲದಿದ್ದರೆ ಬೇಡವೆಂದು ವಾಪಸು ಬನ್ನಿ.

ರೈಸರ್: ಸಾಟಾ, ಮೊಲೆಕ್ಸ್, 6 ಪಿನ್

ಮದರ್‌ಬೋರ್ಡಿನ ಸಣ್ಣ ಪಿಸಿಐಇ ಸ್ಲಾಟಿನಿಂದ ಯುಎಸ್‌ಬಿ ಕೇಬಲ್ಲಿನಂತೆ ಕಾಣುವ ತಂತಿಯ ಮೂಲಕ ದೂರದ ಕಾರ್ಡಿಗೆ ಸಂಪರ್ಕ ಒಯ್ಯುವ ಪುಟ್ಟ ಹಲಗೆಯೇ ರೈಸರ್. ಕೇಬಲ್ಲು ಯುಎಸ್‌ಬಿ 3ರದೇ ಆದರೂ ಅದರಲ್ಲಿ ಹರಿಯುವುದು ಯುಎಸ್‌ಬಿ ಸಂಕೇತವಲ್ಲ. ಆದ್ದರಿಂದ ಅದನ್ನು ಎಂದಿಗೂ ನಿಜವಾದ ಯುಎಸ್‌ಬಿ ಪೋರ್ಟಿಗೆ ಚುಚ್ಚಬಾರದು. ಇಡೀ ರಿಗ್‌ನಲ್ಲಿ ಅತಿ ಅಗ್ಗದ ಭಾಗ ಇದು, ಅತಿ ಹೆಚ್ಚು ಕೈಕೊಡುವುದೂ ಇದೇ.

ಪಿಸಿಐಇ ನಿಯಮದ ಪ್ರಕಾರ ಕಾರ್ಡೊಂದು ಸ್ಲಾಟಿನಿಂದ ಒಟ್ಟು 75 ವ್ಯಾಟ್ ಪಡೆಯಬಹುದು, ಅದರಲ್ಲಿ 12 ವೋಲ್ಟಿನ ಪಾಲು 5.5 ಆಂಪಿಯರ್, ಅಂದರೆ 66 ವ್ಯಾಟ್. ರೈಸರ್‌ಗೆ ವಿದ್ಯುತ್ ಕೊಡುವ ಕನೆಕ್ಟರ್ ಇಷ್ಟನ್ನು ಸಲೀಸಾಗಿ ಹೊರಬೇಕು. ಸಾಟಾ ಕನೆಕ್ಟರಿನಲ್ಲಿ 12 ವೋಲ್ಟಿಗೆ ಮೂರು ಪಿನ್, ಪ್ರತಿಯೊಂದಕ್ಕೂ 1.5 ಆಂಪಿಯರ್, ಒಟ್ಟು 54 ವ್ಯಾಟ್. ಹಾರ್ಡ್ ಡಿಸ್ಕಿಗೆ ಅದು ಧಾರಾಳ. ಕಾರ್ಡು ಸ್ಲಾಟಿನಿಂದ 60 ವ್ಯಾಟ್ ಕೇಳತೊಡಗಿದರೆ ಪಿನ್ನು ಬಿಸಿಯಾಗುತ್ತದೆ, ಪ್ಲಾಸ್ಟಿಕ್ ಮೆತ್ತಗಾಗುತ್ತದೆ, ಸಂಪರ್ಕ ಸಡಿಲವಾಗಿ ಬಿಸಿ ಇನ್ನಷ್ಟು ಏರುತ್ತದೆ. 2021ರ ಬೇಸಿಗೆಯಲ್ಲಿ ಮೈಸೂರಿನ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಹೀಗೆಯೇ ಆಯಿತು. ರೈಸರ್‌ನ ಡಬ್ಬಿಯಲ್ಲಿ ಬಂದಿದ್ದ ಸಾಟಾ ಅಡಾಪ್ಟರನ್ನೇ ಬಳಸಿದ್ದೆ. ಬೆಳಗಿನ ಜಾವ ಸುಟ್ಟ ವಾಸನೆಗೆ ಎಚ್ಚರವಾಗಿ ಹೋಗಿ ನೋಡಿದರೆ ಅಡಾಪ್ಟರ್ ಕಂದುಬಣ್ಣಕ್ಕೆ ತಿರುಗಿ ಕರಗಿ ಅಂಟಿಕೊಂಡಿತ್ತು. ಮನೆಯವರೆಲ್ಲ ಮಲಗಿದ್ದ ಹೊತ್ತು ಅದು. ಅಂದಿನಿಂದ ರೈಸರ್‌ಗೆ ಸಾಟಾ ಎಂಬ ಆಯ್ಕೆ ನನ್ನ ಪಾಲಿಗೆ ಇಲ್ಲ.

ಮೊಲೆಕ್ಸ್‌ನ ಪಿನ್ನುಗಳು ದಪ್ಪವಾಗಿರುವುದರಿಂದ ಅದು ಮೇಲು, ಆದರೆ ಒಂದೇ ಎಳೆಯಲ್ಲಿ ಎರಡಕ್ಕಿಂತ ಹೆಚ್ಚು ರೈಸರ್ ಬೇಡ. 6 ಪಿನ್ ಎಲ್ಲಕ್ಕಿಂತ ಉತ್ತಮ: ಆ ಕನೆಕ್ಟರಿನ ನಿಯಮವೇ 75 ವ್ಯಾಟ್. ಆದ್ದರಿಂದ ಎಸ್‌ಎಂಪಿಎಸ್ ಆರಿಸುವಾಗಲೇ ಕಾರ್ಡುಗಳಿಗೆ ಬೇಕಾದ 8 ಪಿನ್‌ಗಳ ಜೊತೆಗೆ ರೈಸರ್‌ಗಳಿಗೆ ಬೇಕಾದ 6 ಪಿನ್‌ಗಳನ್ನೂ ಎಣಿಸಿ. ಕಾರ್ಡುಗಳು ಕೂಡ ಸದಾ ನಿಯಮ ಪಾಲಿಸುತ್ತವೆಂದು ಹೇಳಲಾಗದು. 2016ರಲ್ಲಿ ಆರ್‌ಎಕ್ಸ್ 480 ಬಿಡುಗಡೆಯಾದಾಗ ಅದು ಸ್ಲಾಟಿನಿಂದ ಮಿತಿಗಿಂತ ಹೆಚ್ಚು ವಿದ್ಯುತ್ ಎಳೆಯುವುದು ಬಯಲಾಗಿ ಎಎಂಡಿ ಡ್ರೈವರ್ ಮೂಲಕ ಅದನ್ನು ಸರಿಪಡಿಸಬೇಕಾಯಿತು.

ಆರು ಬೇಕಿದ್ದರೆ ಎಂಟು ರೈಸರ್ ಕೊಳ್ಳಿ. ಮಿಕ್ಕ ಎರಡು ದೋಷ ಹುಡುಕುವ ಸಾಧನಗಳೆಂದು ತಿಳಿಯಿರಿ.

ಕಾರ್ಡು ಮತ್ತು ಮದರ್‌ಬೋರ್ಡು

ಕಾರ್ಡಿನ ವಿಷಯದಲ್ಲಿ ಎನ್‌ವಿಡಿಯಾವೋ ಎಎಂಡಿಯೋ ಎಂಬ ವಾದಕ್ಕಿಂತ ಆರೂ ಒಂದೇ ಬಗೆಯವೋ ಮಿಶ್ರವೋ ಎಂಬುದು ಹೆಚ್ಚು ಮುಖ್ಯ. ಒಂದೇ ಮಾದರಿಯವಾದರೆ ಡ್ರೈವರ್ ಒಂದು, ಸೆಟ್ಟಿಂಗ್ ಬಹುಪಾಲು ಒಂದು, ತಪ್ಪಿದ ಕಾರ್ಡು ಉಳಿದ ಐದರ ಪಕ್ಕದಲ್ಲಿ ತಾನಾಗಿ ಎದ್ದು ಕಾಣುತ್ತದೆ. ಎರಡೂ ಕಂಪನಿಯ ಕಾರ್ಡುಗಳನ್ನು ಬೆರೆಸಿದ ರಿಗ್ ಓಡುವುದೇ ಇಲ್ಲವೆಂದಲ್ಲ, ಆದರೆ ಅದು ನಿಂತಾಗ ಕಾರಣ ಹುಡುಕುವುದು ದುಪ್ಪಟ್ಟು ಕೆಲಸ.

ಎಎಂಡಿಯ ಆರ್‌ಎಕ್ಸ್ 570, 580ಗಳು ಅಗ್ಗ, ಗಟ್ಟಿಮುಟ್ಟು. ಆದರೆ ಅವುಗಳಿಂದ ಒಳ್ಳೆಯ ಫಲ ಬರಬೇಕಾದರೆ ಕಾರ್ಡಿನ ಬಯಾಸ್‌ನಲ್ಲಿ (ಅದರೊಳಗೇ ಬರೆದಿಟ್ಟ ಮೂಲ ತಂತ್ರಾಂಶ) ಮೆಮೊರಿ ಟೈಮಿಂಗ್ ತಿದ್ದಬೇಕು, ಸೆಕೆಂಡ್ ಹ್ಯಾಂಡ್ ಕಾರ್ಡಾದರೆ ಹಿಂದಿನ ಮಾಲೀಕ ಏನು ತಿದ್ದಿದ್ದಾನೋ ನೋಡಿ ಮೂಲ ಬಯಾಸ್‌ಗೆ ಮರಳಿಸಬೇಕು. 4 ಜಿಬಿಯವನ್ನು ಬಿಟ್ಟುಬಿಡಿ: 2020ರ ಕೊನೆಗೆ ಮೈನಿಂಗ್‌ಗಾಗಿ ಕಾರ್ಡಿನ ಮೆಮೊರಿಯಲ್ಲಿ ಇಡಬೇಕಾದ ಇಥೀರಿಯಂನ ಡ್ಯಾಗ್ ಕಡತ 4 ಜಿಬಿ ದಾಟಿದಾಗ ಅಂತಹ ಕಾರ್ಡುಗಳು ಅಲ್ಲಿಂದ ಹೊರಬಿದ್ದವು, ಬೇರೆ ಬಳಕೆಗೂ ಅಷ್ಟು ಮೆಮೊರಿ ಸಾಲದು. ಎನ್‌ವಿಡಿಯಾದಲ್ಲಿ 1660 ಸೂಪರ್ ಕಡಿಮೆ ವಿದ್ಯುತ್ತಿನಲ್ಲಿ ತಣ್ಣಗೆ ದುಡಿಯುತ್ತದೆ. 3060 ಟಿಐ ಮತ್ತು 3070ಗಳು 8 ಜಿಬಿಯ ಜಿಡಿಡಿಆರ್6 ಮೆಮೊರಿಯವು, ರೆಂಡರಿಂಗ್‌ಗೂ ಒದಗುತ್ತವೆ. ಮನೆಯ ರಿಗ್‌ಗೆ ನಾನು ಆರಿಸುವುದು ಇವನ್ನೇ.

3080, 3090ಗಳ ಆಕರ್ಷಣೆ ದೊಡ್ಡದು, ತೊಡಕೂ ದೊಡ್ಡದು. ಅವುಗಳ ಜಿಡಿಡಿಆರ್6ಎಕ್ಸ್ ಮೆಮೊರಿ ಬಹಳ ಬಿಸಿಯಾಗುತ್ತದೆ, 110 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಕಾರ್ಡು ತಾನೇ ವೇಗ ಇಳಿಸಿಕೊಳ್ಳುತ್ತದೆ. 3090ಯಲ್ಲಂತೂ ಮೆಮೊರಿ ಚಿಪ್ಪುಗಳು ಹಲಗೆಯ ಹಿಂಬದಿಯಲ್ಲೂ ಇವೆ. ಚಿಪ್ಪಿನ ಬಿಸಿಯನ್ನು ಹೊರಕ್ಕೆ ದಾಟಿಸುವ ಥರ್ಮಲ್ ಪ್ಯಾಡ್ ಬದಲಿಸುವ ಕೈಚಳಕ, ಅದಕ್ಕೆ ಬೇಕಾದ ಸರಿಯಾದ ದಪ್ಪದ ತಿಳಿವಳಿಕೆ ಇಲ್ಲದವರು ಆ ಕಡೆ ಹೋಗದಿರುವುದು ಒಳ್ಳೆಯದು. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಫ್ಯಾನನ್ನು ಬೆರಳಿನಿಂದ ತಿರುಗಿಸಿ ನೋಡಿ, ಕನೆಕ್ಟರಿನ ಪ್ಲಾಸ್ಟಿಕ್ ಬಣ್ಣಗೆಟ್ಟಿದೆಯೇ ಪರೀಕ್ಷಿಸಿ, ಅಂಗಡಿಯಲ್ಲೇ ಅರ್ಧ ಗಂಟೆ ಪೂರ್ತಿ ಹೊರೆಯಲ್ಲಿ ಓಡಿಸಿ ತೋರಿಸಲು ಕೇಳಿ. ಮೈನಿಂಗ್ ಮಾಡಿದ ಕಾರ್ಡೆಂದರೆ ಸತ್ತ ಕಾರ್ಡೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಒಂದೇ ಉಷ್ಣತೆಯಲ್ಲಿ ಕಡಿಮೆ ವೋಲ್ಟೇಜಿನಲ್ಲಿ ಓಡಿದ ಕಾರ್ಡು ಚೆನ್ನಾಗಿಯೇ ಉಳಿಯುತ್ತದೆ. ಸವೆಯುವುದು ಫ್ಯಾನು ಮತ್ತು ಪ್ಯಾಡು.

ಮದರ್‌ಬೋರ್ಡಿನಲ್ಲಿ ಆಯ್ಕೆ ಎರಡು: ಮೈನಿಂಗ್‌ಗೆಂದೇ ಮಾಡಿದ ಹಳೆಯವು ಮತ್ತು ಸಾಮಾನ್ಯ ಬೋರ್ಡುಗಳು. ಏಸಸ್‌ನ ಬಿ250 ಮೈನಿಂಗ್ ಎಕ್ಸ್‌ಪರ್ಟ್ 19 ಕಾರ್ಡುಗಳಿಗೆ, ಎಎಸ್‌ರಾಕ್‌ನ ಎಚ್110 ಪ್ರೊ ಬಿಟಿಸಿ ಪ್ಲಸ್ 13ಕ್ಕೆ, ಬಯೋಸ್ಟಾರ್‌ನ ಟಿಬಿ250 ಬಿಟಿಸಿ ಪ್ರೊ 12ಕ್ಕೆ ಜಾಗ ಕೊಡುತ್ತವೆ. ಆರು ಕಾರ್ಡಿಗೆ ಇವು ಅನಿವಾರ್ಯವಲ್ಲ. ಆರು ಸ್ಲಾಟಿರುವ ಸಾಮಾನ್ಯ ಬೋರ್ಡು ನಾಳೆ ಬೇರೆ ಕೆಲಸಕ್ಕೂ ಬರುತ್ತದೆ. ಒಂದು ಸ್ಲಾಟನ್ನು ನಾಲ್ಕಾಗಿ ಒಡೆಯುವ ಸ್ಪ್ಲಿಟರ್‌ಗಳನ್ನು ಮಾತ್ರ ದೂರವಿಡಿ, ಅಸ್ಥಿರತೆಗೆ ಅವು ಇನ್ನೊಂದು ಬಾಗಿಲು. ಮದರ್‌ಬೋರ್ಡಿನ ಬಯಾಸ್‌ನಲ್ಲಿ ಅಬೋವ್ 4ಜಿ ಡಿಕೋಡಿಂಗ್ ಆನ್ ಮಾಡಬೇಕು, ಇಲ್ಲವಾದರೆ ನಾಲ್ಕೈದು ಕಾರ್ಡುಗಳ ನಂತರ ಯಂತ್ರ ಬೂಟ್ ಆಗದಿರಬಹುದು. ಪಿಸಿಐಇ ವೇಗವನ್ನು ಆಟೊ ಬದಲು ಜೆನ್ 1 ಅಥವಾ ಜೆನ್ 2ಕ್ಕೆ ಕಟ್ಟಬೇಕು. ರೈಸರ್ ಕೇಬಲ್ಲು ಕಡಿಮೆ ವೇಗದಲ್ಲಿ ಹೆಚ್ಚು ನಂಬಿಕಸ್ಥ, ಮೈನಿಂಗ್‌ಗೆ ಅಷ್ಟು ಸಾಕು. ಕರೆಂಟು ಹೋಗಿ ಬಂದಾಗ ತಾನಾಗಿ ಏಳುವ ಸೆಟ್ಟಿಂಗ್ ಆನ್ ಇರಲಿ, ಆಡಿಯೊ ಆಫ್ ಇರಲಿ. ಪ್ರೊಸೆಸರ್ ಸೆಲೆರಾನ್ ಸಾಕು, ರ‍್ಯಾಮ್ 8 ಜಿಬಿ ಸಾಕು.

ಕೋಣೆ, ಗಾಳಿ, ಸಾಕೆಟ್ಟು

880 ವ್ಯಾಟ್ ಎಳೆಯುವ ರಿಗ್ ಎಂದರೆ 880 ವ್ಯಾಟಿನ ಹೀಟರ್. ಎಳೆದ ವಿದ್ಯುತ್ತೆಲ್ಲ ಕೊನೆಗೆ ಬಿಸಿಯೇ ಆಗುತ್ತದೆ. ಒಂದು ಟನ್ನಿನ ಎ.ಸಿ.ಯ ಸಾಮರ್ಥ್ಯದ ಕಾಲು ಭಾಗ ಇದನ್ನು ತಣಿಸುವುದಕ್ಕೇ ಬೇಕು, ಅದರ ವಿದ್ಯುತ್ ಬಿಲ್ಲು ಬೇರೆ. ಆದ್ದರಿಂದ ಎ.ಸಿ.ಗಿಂತ ಎಕ್ಸಾಸ್ಟ್ ಫ್ಯಾನ್ ಮೇಲು: ಒಂದು ಕಿಟಕಿಯಿಂದ ಹೊರಗಾಳಿ ಒಳಬಂದು, ಕಾರ್ಡುಗಳ ನಡುವೆ ಹಾದು, ಎದುರು ಬದಿಯಿಂದ ಹೊರಹೋಗಬೇಕು. ಮುಚ್ಚಿದ ಕ್ಯಾಬಿನೆಟ್‌ಗಿಂತ ತೆರೆದ ಅಲ್ಯುಮಿನಿಯಂ ಫ್ರೇಮ್, ಕಾರ್ಡಿನಿಂದ ಕಾರ್ಡಿಗೆ ಒಂದು ಗೇಣಿನ ಅರ್ಧದಷ್ಟಾದರೂ ಅಂತರ. ಬೆಂಗಳೂರು, ಮೈಸೂರುಗಳಲ್ಲಿ ವರ್ಷದ ಬಹುಪಾಲು ಇಷ್ಟರಲ್ಲೇ ನಡೆಯುತ್ತದೆ. ಹೊರಗಾಳಿಯೇ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನ ಕಡೆ ಏಪ್ರಿಲ್, ಮೇ ತಿಂಗಳ ಹಗಲಿನಲ್ಲಿ ರಿಗ್ ನಿಲ್ಲಿಸಿ ರಾತ್ರಿ ಮಾತ್ರ ಓಡಿಸುವುದು ಸರಿಯಾದ ಆಯ್ಕೆ. ಕರಾವಳಿಯಲ್ಲಿ ಬಿಸಿಗಿಂತ ಉಪ್ಪಿನ ತೇವ ಶತ್ರು. ಅಲ್ಲಿ ರಿಗ್ ತಣ್ಣಗೆ ಬಿದ್ದಿರುವಾಗಲೇ ಪಿನ್ನುಗಳು ಹೆಚ್ಚು ಕಿಲುಬು ಹಿಡಿಯುತ್ತವೆ.

ಸಾಕೆಟ್ಟು 16 ಆಂಪಿಯರಿನದೇ ಆಗಿರಲಿ. 6 ಆಂಪಿಯರ್ ಸಾಕೆಟ್ಟು ಲೆಕ್ಕಕ್ಕೆ 1,380 ವ್ಯಾಟ್ ತಾಳುತ್ತದಾದರೂ ತಿಂಗಳುಗಟ್ಟಲೆ ಬಿಡುವಿಲ್ಲದ ಹೊರೆಗೆ ಹಳೆಯ ಮನೆಗಳ ತೆಳು ತಂತಿ, ಸಡಿಲ ಸ್ಕ್ರೂಗಳು ತಕ್ಕವಲ್ಲ. ಎಕ್ಸ್‌ಟೆನ್ಷನ್ ಬೋರ್ಡು ಬೇಡವೇ ಬೇಡ. ಮನೆಯ ಇನ್ವರ್ಟರ್ ಲೈನಿಗೂ ರಿಗ್ ಕಟ್ಟಬೇಡಿ: 12 ವೋಲ್ಟಿನ 150 ಎಎಚ್ ಬ್ಯಾಟರಿಯ ಒಟ್ಟು ಶಕ್ತಿಯೇ 1.8 ಯೂನಿಟ್, ಈ ಹೊರೆಗೆ ಒಂದೆರಡು ಗಂಟೆಯೂ ಬಾಳದು. ಕರೆಂಟು ಹೋದರೆ ರಿಗ್ ನಿಲ್ಲಲಿ. ಬಂದ ಕೂಡಲೇ ಏಳುವ ಬದಲು ಎರಡು ಮೂರು ನಿಮಿಷ ತಡೆದು ಏಳುವಂತೆ ಟೈಮರ್ ಹಾಕಿಸಿದರೆ, ಮರಳಿ ಬರುವಾಗಿನ ವೋಲ್ಟೇಜಿನ ಏರಿಳಿತದಿಂದ ಉಳಿಯುತ್ತದೆ. ಮುಂಗಾರಿಗೆ ಮುಂಚಿನ ಸಿಡಿಲುಮಳೆಯ ಸಂಜೆಗಳಲ್ಲಿ ನಾನು ಪ್ಲಗ್ಗನ್ನೇ ಕಿತ್ತಿಡುತ್ತೇನೆ.

ವಿಂಡೋಸ್ ಅಥವಾ ಹೈವ್ ಓಎಸ್

ವಿಂಡೋಸ್‌ನ ಅನುಕೂಲ ಪರಿಚಯ. ಎಂಎಸ್‌ಐ ಆಫ್ಟರ್‌ಬರ್ನರ್‌ನಂತಹ ತಂತ್ರಾಂಶದಲ್ಲಿ ಸ್ಲೈಡರ್‌ಗಳನ್ನು ಸರಿಸಿ ಕಾರ್ಡು ಹೊಂದಿಸಬಹುದು, ರೆಂಡರಿಂಗ್ ಕೆಲಸಕ್ಕೂ ಯಂತ್ರ ಸಿದ್ಧವಿರುತ್ತದೆ. ಆದರೆ ಅದಕ್ಕೆ ವರ್ಚುವಲ್ ಮೆಮೊರಿಯನ್ನು (ಡಿಸ್ಕಿನಲ್ಲಿ ಮೆಮೊರಿಯಂತೆ ಬಳಸಲು ಮೀಸಲಿಡುವ ಜಾಗ) ಕಾರ್ಡುಗಳ ಒಟ್ಟು ಮೆಮೊರಿಯಷ್ಟಾದರೂ ಇಡಬೇಕು, ಅಂದರೆ 8 ಜಿಬಿಯ ಆರು ಕಾರ್ಡಿಗೆ 48 ಜಿಬಿ. ಕೇಳದೆ ಬರುವ ಅಪ್‌ಡೇಟು ನಡುರಾತ್ರಿ ಯಂತ್ರವನ್ನು ರೀಸ್ಟಾರ್ಟ್ ಮಾಡಿ ಡ್ರೈವರ್ ಬದಲಿಸಿಬಿಡಬಹುದು.

ಹೈವ್ ಓಎಸ್ ಲಿನಕ್ಸ್ ಆಧಾರಿತ, ಮೈನಿಂಗ್‌ಗೆಂದೇ ಕಟ್ಟಿದ್ದು. ಮೊಬೈಲಿನಿಂದಲೇ ಪ್ರತಿ ಕಾರ್ಡಿನ ಉಷ್ಣತೆ, ವಿದ್ಯುತ್, ಹ್ಯಾಶ್‌ರೇಟ್ ನೋಡಬಹುದು. ಇದರ ನಿಜವಾದ ಬೆಲೆ ವಾಚ್‌ಡಾಗ್‌ನಲ್ಲಿದೆ: ಹ್ಯಾಶ್‌ರೇಟ್ ನಾವು ಹೇಳಿದ ಮಟ್ಟಕ್ಕಿಂತ ಕುಸಿದರೆ ಅದು ಮೊದಲು ಮೈನರನ್ನು, ಆಗಲೂ ಆಗದಿದ್ದರೆ ಯಂತ್ರವನ್ನೇ ರೀಬೂಟ್ ಮಾಡುತ್ತದೆ. ಮೈನಿಂಗ್ ಒಂದೇ ಉದ್ದೇಶವಾದರೆ ಇದೇ ಸರಿ. ಯಂತ್ರಕ್ಕೆ ಎರಡು ಕೆಲಸವಿದ್ದರೆ ಎರಡು ಎಸ್‌ಎಸ್‌ಡಿಗಳಲ್ಲಿ ಎರಡನ್ನೂ ಇಟ್ಟುಕೊಳ್ಳಬಹುದು. ಪೆನ್‌ಡ್ರೈವಿನಿಂದ ಬೂಟ್ ಮಾಡುವುದು ಸಾಧ್ಯವಾದರೂ ಬಿಡುವಿಲ್ಲದ ಬರವಣಿಗೆಗೆ ಅದು ಬೇಗ ಸವೆಯುತ್ತದೆ. ಇನ್ನೊಂದು ಮಾತು, ನಾಣ್ಯವಿಡುವ ವಾಲೆಟ್ಟಿನ ಖಾಸಗಿ ಕೀಲಿಯನ್ನು (ಅದನ್ನು ತೆರೆಯುವ ಗುಟ್ಟಿನ ಸಂಕೇತ) ರಿಗ್‌ನಲ್ಲಿ ಎಂದೂ ಇಡಬೇಡಿ. ಮೈನರ್‌ಗೆ ಬೇಕಾಗಿರುವುದು ವಿಳಾಸ ಮಾತ್ರ.

ಸ್ಥಿರಗೊಳಿಸುವ ಎರಡು ದಾರಿ

ಆರು ಕಾರ್ಡನ್ನೂ ಒಮ್ಮೆಗೇ ಸಿಕ್ಕಿಸಿ, ಬೇರೆ ಯಾರದೋ ಸೆಟ್ಟಿಂಗನ್ನು ನಕಲು ಮಾಡಿ ಓಡಿಸುವುದು ಒಂದು ದಾರಿ. ಒಂದೊಂದೇ ಕಾರ್ಡು ಸೇರಿಸುತ್ತ ಹೋಗುವುದು ಇನ್ನೊಂದು. ಮೊದಲನೆಯದರಲ್ಲಿ ಯಂತ್ರ ಅದೇ ದಿನ ಓಡುತ್ತದೆ, ಎರಡನೆಯದಕ್ಕೆ ಒಂದು ವಾರ ಬೇಕು. ಆದರೂ ನಾನು ಎರಡನೆಯದನ್ನೇ ಒತ್ತಿ ಹೇಳುತ್ತೇನೆ, ಏಕೆಂದರೆ ಒಂದೇ ಮಾದರಿಯ ಎರಡು ಕಾರ್ಡುಗಳ ಚಿಪ್ಪುಗಳು ಕೂಡ ಒಂದೇ ಗುಣದವಲ್ಲ. ಒಂದು ತಾಳುವ ಮೆಮೊರಿ ವೇಗವನ್ನು ಅದರ ಜೋಡಿ ತಾಳದಿರಬಹುದು.

ಕ್ರಮ ಹೀಗಿದೆ. ಒಂದು ಕಾರ್ಡನ್ನು ಮೂಲ ವೇಗದಲ್ಲಿಯೇ ಕೆಲವು ಗಂಟೆ ಓಡಿಸಿ. ನಂತರ ವಿದ್ಯುತ್ ಮಿತಿ ಇಳಿಸಿ, ಆಮೇಲೆ ಕೋರ್ (ಕಾರ್ಡಿನ ಮುಖ್ಯ ಚಿಪ್ಪು) ವೇಗವನ್ನು ಒಂದು ಸಂಖ್ಯೆಗೆ ಕಟ್ಟಿ, ಕೊನೆಯಲ್ಲಿ ಮೆಮೊರಿ ವೇಗವನ್ನು ಸಣ್ಣ ಹೆಜ್ಜೆಗಳಲ್ಲಿ ಏರಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿಯೊಂದನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಎಡವಿದ ಜಾಗದಿಂದ ಎರಡು ಹೆಜ್ಜೆ ಹಿಂದೆ ಬಂದು ನಿಲ್ಲಿ, ಒಂದು ಹೆಜ್ಜೆಯಲ್ಲ. ಚಳಿಗಾಲದ ರಾತ್ರಿ ತಾಳಿದ ವೇಗ ಬೇಸಿಗೆಯ ಮಧ್ಯಾಹ್ನ ತಾಳುವುದಿಲ್ಲ. ಆ ಕಾರ್ಡು 24 ಗಂಟೆ ತಪ್ಪಿಲ್ಲದೆ ಓಡಿದ ಮೇಲೆ ಮುಂದಿನದು. ಪ್ರತಿ ಕಾರ್ಡಿನ ಮೇಲೂ ತಂತ್ರಾಂಶ ತೋರಿಸುವ ಬಸ್ (ಮದರ್‌ಬೋರ್ಡಿನೊಡನೆ ಸಂಪರ್ಕದ ದಾರಿ) ಸಂಖ್ಯೆ ಬರೆದ ಚೀಟಿ ಅಂಟಿಸಿ. ರಾತ್ರಿ 2 ಗಂಟೆಗೆ ಮೂರನೆಯ ಕಾರ್ಡು ಎಡದಿಂದಲೋ ಬಲದಿಂದಲೋ ಎಂದು ಯೋಚಿಸುವ ಸಂಕಟ ತಪ್ಪುತ್ತದೆ.

ದೋಷದ ಬಗೆಯಿಂದ ಮೂಲವನ್ನು ಊಹಿಸಬಹುದು. ಯಂತ್ರ ಓಡುತ್ತಿದೆ, ಆದರೆ ಪೂಲ್‌ನಲ್ಲಿ (ಹಲವರು ಸೇರಿ ಮೈನಿಂಗ್ ಮಾಡುವ ಕೂಟ) ತಪ್ಪು ಶೇರುಗಳು, ಅಂದರೆ ನಾವು ಕಳಿಸಿದ ತಪ್ಪು ಉತ್ತರಗಳು, ಹೆಚ್ಚುತ್ತಿವೆ ಎಂದಾದರೆ ಮೆಮೊರಿ ವೇಗ ಅತಿಯಾಗಿದೆ. ಒಂದು ಕಾರ್ಡು ಕೆಲವು ಗಂಟೆಗಳಿಗೊಮ್ಮೆ ಹ್ಯಾಂಗ್ ಆದರೆ ಕೋರಿಗೆ ವೋಲ್ಟೇಜು ಸಾಲುತ್ತಿಲ್ಲ. ಲಿನಕ್ಸ್‌ನ ದಾಖಲೆಯಲ್ಲಿ ಎನ್‌ವಿಡಿಯಾದ ಎಕ್ಸ್‌ಐಡಿ 79 ಕಂಡರೆ ಕಾರ್ಡು ಬಸ್ಸಿನಿಂದಲೇ ಕಳಚಿಹೋಗಿದೆ ಎಂದರ್ಥ: ಮೊದಲು ರೈಸರ್, ನಂತರ ಅದರ ವಿದ್ಯುತ್ ಕನೆಕ್ಟರ್ ನೋಡಿ. ಇಡೀ ಯಂತ್ರ ಒಮ್ಮೆಗೇ ಆಫ್ ಆದರೆ ಎಸ್‌ಎಂಪಿಎಸ್‌ನ ಹೊರೆ ಅಥವಾ ಬಿಸಿ. ಅನುಮಾನ ಉಳಿದರೆ ಅದೇ ಕಾರ್ಡಿಗೆ ಬೇರೆ ರೈಸರ್ ಹಾಕಿ. ದೋಷ ಕಾರ್ಡಿನ ಜೊತೆ ಹೋಯಿತೋ ರೈಸರ್ ಜೊತೆ ಹೋಯಿತೋ ಎಂಬುದೇ ಉತ್ತರ. ವಾಚ್‌ಡಾಗ್ ದಿನಕ್ಕೆ ಮೂರು ಸಲ ರೀಬೂಟ್ ಮಾಡಿ ಕೆಲಸ ಸಾಗಿಸುತ್ತಿದೆಯೆಂದು ಸಮಾಧಾನಪಡಬೇಡಿ, ಅದು ಗಾಯಕ್ಕೆ ಕಟ್ಟಿದ ಬಟ್ಟೆ ಮಾತ್ರ.

ನಾಣ್ಯ ಬದಲಿಸಿದಾಗ ಸೆಟ್ಟಿಂಗನ್ನೂ ಹೊಸದಾಗಿ ಹುಡುಕಬೇಕು. ಇಥೀರಿಯಂ ಕ್ಲಾಸಿಕ್‌ನ ಅಲ್ಗಾರಿದಮ್ ಎಟ್ಚ್‌ಹ್ಯಾಶ್ ಮೆಮೊರಿಯನ್ನು ದುಡಿಸುತ್ತದೆ, ರೇವನ್‌ಕಾಯಿನ್‌ನ ಕಾಪೌ ಕೋರನ್ನೂ ಸೇರಿಸಿ ದುಡಿಸುತ್ತದೆ. ಮೊದಲನೆಯದರಲ್ಲಿ ತಿಂಗಳು ಓಡಿದ ಕೋರ್ ವೋಲ್ಟೇಜು ಎರಡನೆಯದರಲ್ಲಿ ಹತ್ತು ನಿಮಿಷವೂ ನಿಲ್ಲದಿರಬಹುದು, 810 ವ್ಯಾಟಿನ ನಮ್ಮ ಲೆಕ್ಕವೂ ಆಗ ಮೇಲೇರುತ್ತದೆ. ಲಾಭ ಹೆಚ್ಚಿರುವ ನಾಣ್ಯಕ್ಕೆ ತಾನಾಗಿ ಜಿಗಿಯುವ ತಂತ್ರಾಂಶ ಬಳಸುವವರು ಪ್ರತಿ ಅಲ್ಗಾರಿದಮ್‌ಗೂ ಬೇರೆ ಸೆಟ್ಟಿಂಗ್ ಉಳಿಸಿಡಲೇಬೇಕು.

ರಿಗ್ ಒಂದು ವಾರ ತಪ್ಪಿಲ್ಲದೆ ಓಡಿದ ಮೇಲೆ ಒಮ್ಮೆ ಪೂರ್ತಿ ಆಫ್ ಮಾಡಿ, ಪ್ಲಗ್ ಕಿತ್ತು, ಹತ್ತು ನಿಮಿಷ ಬಿಟ್ಟು, ಪ್ರತಿ ರೈಸರ್‌ನ ಮತ್ತು ಪ್ರತಿ ಕಾರ್ಡಿನ ವಿದ್ಯುತ್ ಕನೆಕ್ಟರನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ಪಿನ್ನಿನ ಸುತ್ತ ಬಿಳಿ ಪ್ಲಾಸ್ಟಿಕ್ ಹಳದಿಗೆ ತಿರುಗಿದ್ದರೆ ಆ ಕೇಬಲ್ಲನ್ನು ಅಂದೇ ಬದಲಿಸಿ, ಗೋಡೆಯ ಪ್ಲಗ್ಗಿನ ಮೂರು ಪಿನ್ನುಗಳನ್ನೂ ಹಾಗೆಯೇ ಪರೀಕ್ಷಿಸಿ.